ವಿಎಂ ಬೂಟ್ ಆಗಲಿಲ್ಲ ಅಂದರೆ ಡಿಸ್ಕ್ ಹೋಯ್ತು ಅಂತಲ್ಲ

ಪ್ರಶ್ನೆ: ನಮಸ್ಕಾರ ಸರ್. ನಾನು ಗದಗ ಕಡೆಯವನು. ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಟೂಲ್‌ರೂಮ್‌ನ ಕಂಪ್ಯೂಟರ್, ನೆಟ್‌ವರ್ಕ್ ಎಲ್ಲ ನಾನೊಬ್ಬನೇ ನೋಡಿಕೊಳ್ಳುತ್ತೇನೆ. ಒಂದೇ ಪೆಟ್ಟಿಗೆಯಲ್ಲಿ ಹಲವು ವಿಎಂ (ವರ್ಚುವಲ್ ಮಷಿನ್, ಅಂದರೆ ಸಾಫ್ಟ್‌ವೇರಿನೊಳಗಿನ ಕಂಪ್ಯೂಟರ್) ಓಡಿಸುವ ವಿಎಂವೇರ್‌ನ ಲೈಸೆನ್ಸ್ ಖರ್ಚು ಜಾಸ್ತಿ ಆಯ್ತು ಅಂತ ಮಾಲೀಕರು ಅದೇ ಕೆಲಸ ಮಾಡುವ ಪ್ರಾಕ್ಸ್‌ಮಾಕ್ಸ್‌ಗೆ ಹೋಗೋಣ ಅಂದರು. ಇಎಸ್‌ಎಕ್ಸ್‌ಐನಿಂದ (ವಿಎಂವೇರ್ ಓಡುವ ಹಳೆಯ ಪೆಟ್ಟಿಗೆ) ಎರಡು ವಿಎಂಗಳ ವಿಎಂಡಿಕೆ ಫೈಲು (ವಿಎಂನ ಡಿಸ್ಕ್) ಮಾತ್ರ ಕಾಪಿ ಮಾಡಿ ತಂದು ಹೊಸ ವಿಎಂಗಳಿಗೆ ಹಾಕಿದೆ. ಒಂದು ಅಕೌಂಟ್ಸ್ ಇರುವ ವಿಂಡೋಸ್ ಸರ್ವರ್ 2019, ಇನ್ನೊಂದು ಡ್ರಾಯಿಂಗ್ ಫೈಲುಗಳಿರುವ ಡೆಬಿಯನ್ 11. ವಿಂಡೋಸ್ ‘ಬೂಟಿಂಗ್ ಫ್ರಮ್ ಹಾರ್ಡ್ ಡಿಸ್ಕ್’ ಅಂತ ತೋರಿಸಿ ಅಲ್ಲೇ ನಿಂತಿತು. ಇನ್‌ಸ್ಟಾಲ್ ಐಎಸ್‌ಓ ಹಾಕಿ ಬೂಟ್ ಕೋಡ್ ಮತ್ತೆ ಬರೆಯುವ ಫಿಕ್ಸ್‌ಎಂಬಿಆರ್ ಕಮಾಂಡ್ ಓಡಿಸಿದೆ, ಏನೂ ಆಗಲಿಲ್ಲ. ವಿಎಂ ಸೆಟ್ಟಿಂಗಿನ ಬಯಾಸ್ ಅನ್ನು ಓವಿಎಂಎಫ್‌ಗೆ (ವಿಎಂಗಳ ಯುಇಎಫ್‌ಐ, ಬಯಾಸ್‌ನ ಹೊಸ ಪೀಳಿಗೆ) ಬದಲಿಸಿದಾಗ ವಿಂಡೋಸ್ ಲೋಗೋ ಬಂತು, ಆಮೇಲೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಅಂತ ನೀಲಿ ಪರದೆ. ಡೆಬಿಯನ್‌ನಲ್ಲಿ ಮೊದಲಿನಿಂದಲೂ ಓವಿಎಂಎಫ್ ಇಟ್ಟಿದ್ದೆ, ಅದು ಹಳದಿ ಅಕ್ಷರದ ಶೆಲ್‌ಗೆ (ಕಮಾಂಡ್ ಪರದೆ) ಹೋಯ್ತು. ವಿಡಿಯೋ ನೋಡಿ ಫರ್ಮ್‌ವೇರ್ (ಓಎಸ್‌ಗೂ ಮೊದಲು ಎದ್ದು ಬೂಟ್ ಮಾಡಿಸುವ ಸಾಫ್ಟ್‌ವೇರ್) ಮೆನುವಿನಲ್ಲಿ ಬೂಟ್ ಎಂಟ್ರಿ ಸೇರಿಸಿದೆ, ಚಾಲೂ ಆಯ್ತು. ಒಳಗಿಂದ ರೀಬೂಟ್ ಮಾಡಿದಾಗಲೂ ಬಂತು. ಗುರುವಾರ ಇಲ್ಲಿ ಕರೆಂಟ್ ತೆಗೆಯುತ್ತಾರಲ್ಲ, ಎಲ್ಲ ಶಟ್‌ಡೌನ್ ಮಾಡಿ ಶುಕ್ರವಾರ ಹಾಕಿದರೆ ಮತ್ತೆ ಅದೇ ಶೆಲ್! ನಮ್ಮ ವೆಂಡರ್ ಬಂದು ನೋಡಿ ‘ಡಿಸ್ಕ್ ಗೇಲಿ, ನವೀನ್ ಟಾಕಾವೀ ಲಾಗೇಲ್’ (ಡಿಸ್ಕ್ ಹೋಗಿದೆ, ಹೊಸದು ಹಾಕಬೇಕು) ಅಂದ. ಡೇಟಾ ರಿಕವರಿಗೆ ಬೇರೆ ದುಡ್ಡು ಅಂತೆ. ಡಿಸ್ಕ್ ನಿಜವಾಗಿ ಹೋಗಿದೆಯಾ? ಬಯಾಸ್, ಯುಇಎಫ್‌ಐ ಹೀಗೆ ಹಿಂದೆಮುಂದೆ ಬದಲಿಸಿದ್ದರಿಂದ ನಾನೇ ಕೆಡಿಸಿದೆನಾ? ಸೆಕ್ಯೂರ್ ಬೂಟ್ (ಸಹಿ ಇಲ್ಲದ ಬೂಟ್ ಫೈಲನ್ನು ತಡೆಯುವ ವ್ಯವಸ್ಥೆ) ಆಫ್ ಮಾಡಿದರೆ ಸರಿಹೋಗುತ್ತದಾ?

ಉತ್ತರ: ಮೊದಲು ನಿಮ್ಮ ಹೆದರಿಕೆಯ ವಿಷಯ. ನೀವು ಬರೆದಿದ್ದರಲ್ಲಿ ಡಿಸ್ಕ್ ಹಾಳಾಗಿದೆ ಅನ್ನುವುದಕ್ಕೆ ಒಂದು ಲಕ್ಷಣವೂ ನನಗೆ ಕಾಣಲಿಲ್ಲ. ವೆಂಡರ್‌ಗೆ ಸದ್ಯಕ್ಕೆ ದುಡ್ಡು ಕೊಡಬೇಡಿ. ಹೊಸದಾಗಿ ಇನ್‌ಸ್ಟಾಲ್ ಮಾಡಲು ಹೋಗಲೂಬೇಡಿ. ಹಳೆಯ ಇಎಸ್‌ಎಕ್ಸ್‌ಐ ಪೆಟ್ಟಿಗೆಯಲ್ಲಿ ಮೂಲ ವಿಎಂಗಳು ಇನ್ನೂ ಇವೆ ಅಂದುಕೊಂಡಿದ್ದೇನೆ. ಇದ್ದರೆ ಅವನ್ನು ಮುಟ್ಟದೆ ಹಾಗೇ ಇಡಿ. ಎರಡೂ ಕಡೆ ಒಂದೇ ವಿಎಂ ಒಟ್ಟಿಗೆ ಚಾಲೂ ಮಾಡಬೇಡಿ ಅಷ್ಟೇ, ಒಂದೇ ಐಪಿ ಎರಡು ಕಡೆ ಬಂದರೆ ಆಫೀಸಿನಲ್ಲಿ ಬೇರೆಯೇ ಗೋಳು ಶುರುವಾಗುತ್ತದೆ.

ನಿಮ್ಮಲ್ಲಿ ಆಗಿರುವುದು ಮೂರು ಬೇರೆ ಬೇರೆ ತೊಂದರೆ. ಮೂರೂ ಒಂದೇ ವಾರದಲ್ಲಿ ಬಂದಿದ್ದಕ್ಕೆ ಒಂದೇ ದೊಡ್ಡ ರೋಗದ ಹಾಗೆ ಕಾಣುತ್ತಿದೆ. ಬೂಟ್ ತೊಂದರೆಯಲ್ಲಿ ನಾನು ಮೊದಲು ಕೇಳುವುದು ‘ಎಲ್ಲಿ ನಿಂತಿತು’ ಅಂತ. ಪರದೆಯ ಮೇಲಿನ ಕೊನೆಯ ಸಾಲು ಏನು? ಅದನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡು, ಆಮೇಲೆ ಕೈ ಹಾಕಬೇಕು. ನೀವು ಆ ಸಾಲುಗಳನ್ನು ಬರೆದು ಕಳಿಸಿದ್ದೀರಿ, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

ವಿಂಡೋಸ್‌ನಿಂದ ಶುರುಮಾಡೋಣ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಹೊಸ ವಿಎಂ ಮಾಡುವಾಗ ನೀವು ಏನೂ ಬದಲಿಸದಿದ್ದರೆ ಸಿಗುವ ಫರ್ಮ್‌ವೇರ್ ಸೀಬಯಾಸ್. ಹಳೇ ಕಾಲದ ಬಯಾಸ್ ಹೇಗೆ ನಡೆದುಕೊಳ್ಳುತ್ತದೋ ಹಾಗೆ ಇದು. ಡಿಸ್ಕಿನ ಮೊದಲ ಸೆಕ್ಟರ್ ಓದಿ, ಅದರಲ್ಲಿರುವ ಕೋಡಿಗೆ ಹಾರುತ್ತದೆ, ಅಷ್ಟೇ ಅದರ ಕೆಲಸ. ನಿಮ್ಮ ಸರ್ವರ್ ವಿಎಂವೇರ್‌ನಲ್ಲಿ ಯುಇಎಫ್‌ಐ ಮೇಲೆ ಇನ್‌ಸ್ಟಾಲ್ ಆಗಿತ್ತು ಅನ್ನುವುದು ಬಹುತೇಕ ಖಾತ್ರಿ. ಹಾಗೆ ಇನ್‌ಸ್ಟಾಲ್ ಆದ ಡಿಸ್ಕಿನಲ್ಲಿ ಜಿಪಿಟಿ ಟೇಬಲ್ (ಪಾರ್ಟಿಷನ್ ಪಟ್ಟಿಯ ಹೊಸ ರೂಪ) ಇರುತ್ತದೆ. ತಮಾಷೆ ಏನೆಂದರೆ ಜಿಪಿಟಿ ಡಿಸ್ಕಿನಲ್ಲೂ ಮೊದಲ ಸೆಕ್ಟರಿನಲ್ಲಿ ಹಳೆಯ ಎಂಬಿಆರ್ ರೂಪದ ಒಂದು ನಾಮಕಾವಸ್ತೆ ಟೇಬಲ್ ಇಟ್ಟಿರುತ್ತಾರೆ, ಹಳೆಯ ಸಾಫ್ಟ್‌ವೇರ್‌ಗಳು ಇದು ಖಾಲಿ ಡಿಸ್ಕ್ ಅಂದುಕೊಂಡು ಅಳಿಸಿಬಿಡಬಾರದು ಅಂತ. ಸೀಬಯಾಸ್ ಅದನ್ನು ನೋಡಿ, ಸಹಿ ಸರಿಯಾಗಿದೆ, ಇದು ಬೂಟ್ ಡಿಸ್ಕ್ ಅಂತ ನಂಬುತ್ತದೆ. ‘ಬೂಟಿಂಗ್ ಫ್ರಮ್ ಹಾರ್ಡ್ ಡಿಸ್ಕ್’ ಅಂತ ಬರೆದು ಒಳಗೆ ಹಾರುತ್ತದೆ. ಅಲ್ಲಿ ಓಡಿಸಲು ಏನೂ ಇಲ್ಲ. ಹಾಗಾಗಿ ಕರ್ಸರ್ ಮಿಣುಕುತ್ತಾ ಕೂರುತ್ತದೆ.

ವಿಎಂಡಿಕೆ ಜೊತೆಗೆ ಫರ್ಮ್‌ವೇರ್ ಯಾವುದು ಅನ್ನುವ ಮಾಹಿತಿ ಬರುವುದಿಲ್ಲ ಅನ್ನುವುದನ್ನು ಜನ ಮರೆಯುತ್ತಾರೆ. ಅದು ಇರುವುದು ಪಕ್ಕದಲ್ಲಿದ್ದ ಪುಟ್ಟ ವಿಎಂಎಕ್ಸ್ ಫೈಲಿನಲ್ಲಿ. ನೋಟ್‌ಪ್ಯಾಡಿನಲ್ಲಿ ತೆರೆದು ‘ಫರ್ಮ್‌ವೇರ್’ ಅಂತ ಹುಡುಕಿ. ಆ ಸಾಲಿನಲ್ಲಿ ‘ಇಎಫ್‌ಐ’ ಅಂತಿದ್ದರೆ ಯುಇಎಫ್‌ಐ. ಸಾಲೇ ಇಲ್ಲದಿದ್ದರೆ ಬಯಾಸ್. ಆ ಫೈಲು ಸಿಗದಿದ್ದರೆ ಪ್ರಾಕ್ಸ್‌ಮಾಕ್ಸ್ ಹೋಸ್ಟಿನಲ್ಲೇ (ವಿಎಂಗಳು ಓಡುವ ಪೆಟ್ಟಿಗೆಯಲ್ಲೇ), ವಿಎಂ ನಿಲ್ಲಿಸಿ, ಆ ಡಿಸ್ಕಿನ ಮೇಲೆ ಎಫ್‌ಡಿಸ್ಕ್ ಪಟ್ಟಿ ಆಯ್ಕೆ ಕೊಟ್ಟು ಓಡಿಸಿ. ಅದು ಓದುತ್ತದೆ ಮಾತ್ರ, ಬರೆಯುವುದಿಲ್ಲ. ಲೇಬಲ್ ಟೈಪ್ ‘ಜಿಪಿಟಿ’ ಅಂತ ಬಂದು, ಕೆಳಗೆ 100 ಎಂಬಿ ಆಸುಪಾಸಿನ ಇಎಫ್‌ಐ ಸಿಸ್ಟಂ ಪಾರ್ಟಿಷನ್, 16 ಎಂಬಿಯ ಮೈಕ್ರೋಸಾಫ್ಟ್ ರಿಸರ್ವ್ಡ್, ಆಮೇಲೆ ದೊಡ್ಡದೊಂದು ಪಾರ್ಟಿಷನ್ ಕಂಡರೆ ಮನಸ್ಸು ನಿರಾಳ ಮಾಡಿಕೊಳ್ಳಿ. ಪಾರ್ಟಿಷನ್ ಟೇಬಲ್ ಹಾಳಾಗಿದ್ದರೆ ಈ ಪಟ್ಟಿಯೇ ನೆಟ್ಟಗೆ ಬರುತ್ತಿರಲಿಲ್ಲ. ಲೇಬಲ್ ‘ಡಾಸ್’ ಅಂತ ಬಂದರೆ ಅದು ಎಂಬಿಆರ್ ಡಿಸ್ಕ್, ಸೀಬಯಾಸ್‌ನಲ್ಲೇ ಬಿಡಬೇಕು.

ಫಿಕ್ಸ್‌ಎಂಬಿಆರ್‌ನಿಂದ ಏನಾದರೂ ಕೆಟ್ಟಿತಾ? ಇಲ್ಲ. ಅದು ಮೊದಲ ಸೆಕ್ಟರಿನ ಬೂಟ್ ಕೋಡ್ ಮಾತ್ರ ಬರೆಯುತ್ತದೆ, ಪಾರ್ಟಿಷನ್ ಟೇಬಲ್ ಮುಟ್ಟುವುದಿಲ್ಲ. ಯುಇಎಫ್‌ಐ ಆ ಕೋಡನ್ನು ನೋಡುವುದೂ ಇಲ್ಲ. ಉಪಯೋಗವೂ ಇಲ್ಲ, ಹಾನಿಯೂ ಇಲ್ಲ. ವಿಎಂ ಸೆಟ್ಟಿಂಗಿನಲ್ಲಿ ಬಯಾಸ್, ಓವಿಎಂಎಫ್ ಅಂತ ಬದಲಿಸುತ್ತಾ ಹೋಗಿದ್ದರಿಂದಲೂ ಡಿಸ್ಕಿನಲ್ಲಿ ಒಂದಕ್ಷರ ಬದಲಾಗಿಲ್ಲ. ಹಾಗಂತ ಬೇಕಾದಾಗ ಬದಲಿಸಿಕೊಂಡು ಓಡಾಡಬಹುದು ಅಂತಲ್ಲ, ಯಾವುದರಲ್ಲಿ ಇನ್‌ಸ್ಟಾಲ್ ಆಗಿದೆಯೋ ಅದರಲ್ಲೇ ಬೂಟ್ ಆಗುವುದು. ಅಪಾಯ ಇರುವುದು ಬೇರೆ ಕಡೆ. ಡಿಸ್ಕ್‌ಪಾರ್ಟ್‌ನಲ್ಲಿ ‘ಕ್ಲೀನ್’ ಹೊಡೆಯುವುದು, ಇಎಫ್‌ಐ ಪಾರ್ಟಿಷನ್ ಅನ್ನು ಫಾರ್ಮ್ಯಾಟ್ ಮಾಡುವುದು, ವಿಂಡೋಸ್ ಸೆಟಪ್‌ನಲ್ಲಿ ಹಳೆಯ ಪಾರ್ಟಿಷನ್ ಡಿಲೀಟ್ ಮಾಡುವುದು. ಇವನ್ನು ನಿಮ್ಮ ವೆಂಡರ್ ಮಾಡಲು ಹೊರಟರೆ ಕೈ ಹಿಡಿದು ನಿಲ್ಲಿಸಿ.

ಈಗ ನೀಲಿ ಪರದೆ. ನಿಮಗೆ ಅದು ಕೆಟ್ಟ ಸುದ್ದಿ ಅನ್ನಿಸಿತು, ನನಗೆ ಓದಿದ ತಕ್ಷಣ ಖುಷಿಯಾಯ್ತು. ಏಕೆಂದರೆ ಓವಿಎಂಎಫ್‌ಗೆ ಬದಲಿಸಿದ ಮೇಲೆ ಫರ್ಮ್‌ವೇರ್ ಡಿಸ್ಕನ್ನು ಕಂಡಿತು, ಇಎಫ್‌ಐ ಪಾರ್ಟಿಷನ್ ಓದಿತು, ವಿಂಡೋಸ್ ಬೂಟ್ ಮ್ಯಾನೇಜರ್ ಎತ್ತಿಕೊಂಡಿತು, ಅದು ಕರ್ನಲ್ ಅನ್ನು ಲೋಡ್ ಮಾಡಿತು. ಇಷ್ಟೂ ಆಗಿದ್ದು ಅದೇ ‘ಹೋಗಿರುವ’ ಡಿಸ್ಕಿನಿಂದ! ಅಂದರೆ ಫರ್ಮ್‌ವೇರಿನ ಪಾಲಿನ ಕೆಲಸ ಮುಗಿದಿದೆ.

ಹಾಗಾದರೆ ನಿಂತಿದ್ದೇಕೆ? ಓವಿಎಂಎಫ್‌ನೊಳಗೆ ವರ್ಟ್‌ಐಓ (ವಿಎಂಗಳಿಗೆಂದೇ ಮಾಡಿದ ಡಿಸ್ಕ್, ನೆಟ್‌ವರ್ಕ್ ಸಾಧನಗಳು) ಡ್ರೈವರ್ ಮೊದಲೇ ಇದೆ. ಅದಕ್ಕೇ ಲೋಗೋ ಬರುವ ತನಕ ಎಲ್ಲ ಸಲೀಸು. ಆದರೆ ಕರ್ನಲ್ ಚಾಲೂ ಆದ ಮೇಲೆ ಡಿಸ್ಕ್ ಓದುವ ಜವಾಬ್ದಾರಿ ವಿಂಡೋಸ್‌ನದು, ಫರ್ಮ್‌ವೇರ್ ಪಕ್ಕಕ್ಕೆ ಸರಿಯುತ್ತದೆ. ವಿಂಡೋಸ್ ಜೊತೆಗೆ ವರ್ಟ್‌ಐಓ ಡ್ರೈವರ್ ಬರುವುದಿಲ್ಲ. ನಿಮ್ಮ ಸರ್ವರ್ ಇಷ್ಟು ವರ್ಷ ವಿಎಂವೇರ್ ಕಂಟ್ರೋಲರ್ ಮೇಲೆ ಇತ್ತು, ಈಗ ವರ್ಟ್‌ಐಓ ಸ್ಕಸಿ ಮೇಲೆ ಬಂದಿದೆ. ತನ್ನದೇ ಸಿ ಡ್ರೈವ್ ಅದಕ್ಕೆ ಕಾಣುತ್ತಿಲ್ಲ. ಆ ಸಂದೇಶದ ಪೂರ್ತಿ ಅರ್ಥ ಇಷ್ಟೇ. ಪಿಂಪರಿ, ಚಾಕಣ್ ಕಡೆ ಸಣ್ಣ ಕಾರ್ಖಾನೆಗಳಲ್ಲಿ ಈಚೆಗೆ ವಿಎಂವೇರ್ ಬಿಟ್ಟು ಬರುವವರಲ್ಲಿ ನಾನು ಅತಿ ಹೆಚ್ಚು ನೋಡುವುದು ಇದೊಂದೇ ನೀಲಿ ಪರದೆ. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ವಿಎಂವೇರ್ ಅನ್ನು ಕೊಂಡು ಲೈಸೆನ್ಸ್ ಪದ್ಧತಿ ಬದಲಿಸಿದ ಮೇಲೆ ಎಲ್ಲರೂ ಒಟ್ಟಿಗೆ ಹೊರಟರು ನೋಡಿ.

ಪರಿಹಾರಕ್ಕೆ ಎರಡು ದಾರಿ ಇವೆ. ಮೊದಲನೆಯದನ್ನೇ ಹಿಡಿಯಿರಿ. ವಿಎಂ ಪೂರ್ತಿ ನಿಲ್ಲಿಸಿ. ಹಾರ್ಡ್‌ವೇರ್ ಪುಟದಲ್ಲಿ ಡಿಸ್ಕನ್ನು ಡಿಟ್ಯಾಚ್ ಮಾಡಿ. ಇದು ಅಳಿಸುವುದಲ್ಲ, ‘ಅನ್‌ಯೂಸ್ಡ್ ಡಿಸ್ಕ್’ ಅಂತ ಅಲ್ಲೇ ಕೆಳಗೆ ಉಳಿಯುತ್ತದೆ. ಆದರೆ ಉಳಿದ ಆ ಸಾಲಿನ ಮೇಲೆ ಇನ್ನೊಮ್ಮೆ ರಿಮೂವ್ ಒತ್ತಿದರೆ ಮಾತ್ರ ನಿಜವಾಗಿ ಹೋಗುತ್ತದೆ, ಅಲ್ಲಿ ಹುಷಾರು. ಅದರ ಮೇಲೆ ಡಬಲ್ ಕ್ಲಿಕ್ ಮಾಡಿ ಬಸ್ ಅನ್ನು ಸಾಟಾ ಅಂತ ಆರಿಸಿ ಸೇರಿಸಿ. ಆಮೇಲೆ ಆಪ್ಷನ್ಸ್‌ನಲ್ಲಿ ಬೂಟ್ ಆರ್ಡರ್‌ಗೆ ಹೋಗಿ ಹೊಸ ಸಾಟಾ ಡಿಸ್ಕಿಗೆ ಟಿಕ್ ಹಾಕಿ. ಡಿಸ್ಕ್ ಬಿಚ್ಚಿ ಹಾಕಿದಾಗ ಈ ಟಿಕ್ ತಾನಾಗಿ ಬರುವುದಿಲ್ಲ. ಎಲ್ಲ ಸರಿ ಮಾಡಿಯೂ ಬೂಟ್ ಆಗುತ್ತಿಲ್ಲ ಅಂತ ಬರುವ ಫೋನುಗಳಲ್ಲಿ ಎಷ್ಟೋ ಸಲ ಬಿಟ್ಟುಹೋಗಿರುವುದು ಇದೇ. ಈಗ ಚಾಲೂ ಮಾಡಿದರೆ ವಿಂಡೋಸ್ ಬರಬೇಕು, ಸಾಟಾ ಡ್ರೈವರ್ ಅದರಲ್ಲೇ ಇದೆ. ಸಾಟಾದಲ್ಲೂ ನೀಲಿ ಬಂದರೆ ಐಡಿಇ ಮಾಡಿ ನೋಡಿ.

ವಿಂಡೋಸ್ ಬಂದ ಮೇಲೆ ಹಾಗೇ ಸಾಟಾದಲ್ಲೇ ಬಿಟ್ಟರೂ ನಡೆಯುತ್ತದೆ, ಆದರೆ ಅಕೌಂಟ್ಸ್ ಸರ್ವರ್ ನಿಧಾನ ಅನ್ನಿಸಬಹುದು. ವರ್ಟ್‌ಐಓಗೆ ಹೋಗಬೇಕಾದರೆ ಒಂದು 1 ಜಿಬಿಯ ಖಾಲಿ ಡಿಸ್ಕನ್ನು ಸ್ಕಸಿ ಬಸ್ ಮೇಲೆ ಸೇರಿಸಿ, ಕಂಟ್ರೋಲರ್ ವರ್ಟ್‌ಐಓ ಸ್ಕಸಿ ಇರಲಿ. ವರ್ಟ್‌ಐಓ-ವಿನ್ ಐಎಸ್‌ಓ ಹಾಕಿ ಡ್ರೈವರ್‌ಗಳನ್ನು ಇನ್‌ಸ್ಟಾಲ್ ಮಾಡಿ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಆ ಪುಟ್ಟ ಡಿಸ್ಕ್ ಕಣ್ಣಿಗೆ ಕಂಡಿತು ಅಂದರೆ ಡ್ರೈವರ್ ನಿಜವಾಗಿ ಲೋಡ್ ಆಗಿದೆ ಅಂತ. ಈ ಖಾಲಿ ಡಿಸ್ಕಿನ ಹೆಜ್ಜೆ ಬಿಟ್ಟು ಸುಮ್ನೆ ಡ್ರೈವರ್ ಮಾತ್ರ ಹಾಕಿದರೆ ಬೂಟ್ ಸಮಯದಲ್ಲಿ ಅದು ಎದ್ದೇಳದೆ ಮತ್ತೆ ಅದೇ ನೀಲಿ ಪರದೆ ಬರುತ್ತದೆ. ಕಂಡ ಮೇಲೆ ಶಟ್‌ಡೌನ್ ಮಾಡಿ, ಪುಟ್ಟ ಡಿಸ್ಕ್ ತೆಗೆದು, ಮೂಲ ಡಿಸ್ಕನ್ನು ಸ್ಕಸಿಗೆ ಬದಲಿಸಿ, ಬೂಟ್ ಆರ್ಡರ್ ಟಿಕ್ ಮತ್ತೊಮ್ಮೆ ಹಾಕಿ.

ಎರಡನೆಯ ದಾರಿ, ಇನ್‌ಸ್ಟಾಲ್ ಐಎಸ್‌ಓದ ರಿಪೇರ್ ಕಮಾಂಡ್ ಪ್ರಾಂಪ್ಟಿಗೆ ಹೋಗಿ ಡಿಸ್ಮ್ ಕಮಾಂಡಿನ ಮೂಲಕ ಡ್ರೈವರನ್ನು ಡಿಸ್ಕಿನಲ್ಲಿರುವ ವಿಂಡೋಸ್‌ಗೆ ತುರುಕುವುದು. ಸಾಟಾ, ಐಡಿಇ ಎರಡೂ ಕೈಕೊಟ್ಟಾಗ ಇದು ಬೇಕಾಗುತ್ತದೆ. ಅಲ್ಲಿ ಡ್ರೈವ್ ಅಕ್ಷರಗಳು ಅದಲುಬದಲಾಗಿರುತ್ತವೆ, ಸಿ ಅಂದುಕೊಂಡಿದ್ದು ಡಿ ಆಗಿರುತ್ತದೆ. ನೋಡಿಕೊಂಡು ಮಾಡಿ, ಅದಕ್ಕೂ ಮೊದಲು ಸ್ನ್ಯಾಪ್‌ಶಾಟ್ ತೆಗೆಯಿರಿ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವ್ಯವಸ್ಥೆ) ಇದೆಯಾ ಅಂತಲೂ ಮೊದಲೇ ತಿಳಿದುಕೊಳ್ಳಿ. ಇದ್ದರೆ ಫರ್ಮ್‌ವೇರ್ ಬದಲಾದಾಗ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ಯಾರ ಹತ್ತಿರವೂ ಇಲ್ಲದಿದ್ದರೆ ಹಳೆಯ ಹೋಸ್ಟಿನಲ್ಲೇ ಚಾಲೂ ಮಾಡಿ ಬಿಟ್‌ಲಾಕರ್ ಸಸ್ಪೆಂಡ್ ಮಾಡಿ ಮತ್ತೆ ಕಾಪಿ ತರಬೇಕಾಗುತ್ತದೆ.

ಇನ್ನು ಡೆಬಿಯನ್. ಮೂರರಲ್ಲಿ ನನಗೆ ಜಾಸ್ತಿ ಇಷ್ಟವಾಗಿದ್ದು ಇದೇ, ಏಕೆಂದರೆ ನೀವು ಕೊಟ್ಟ ಒಂದೇ ಒಂದು ವಿವರದಲ್ಲಿ ಉತ್ತರ ಇದೆ. ಒಳಗಿಂದ ರೀಬೂಟ್ ಮಾಡಿದರೆ ಬರುತ್ತದೆ, ಗುರುವಾರ ಪೂರ್ತಿ ಆರಿಸಿ ಶುಕ್ರವಾರ ಹಾಕಿದರೆ ಬರುವುದಿಲ್ಲ.

ಯುಇಎಫ್‌ಐ ತನ್ನ ಬೂಟ್ ಪಟ್ಟಿಯನ್ನು ಡಿಸ್ಕಿನಲ್ಲಿ ಇಡುವುದಿಲ್ಲ. ಯಾವ ಡಿಸ್ಕಿನ ಯಾವ ಪಾರ್ಟಿಷನ್ನಿನ ಯಾವ ಫೈಲಿನಿಂದ ಶುರುಮಾಡಬೇಕು ಅನ್ನುವುದನ್ನು ಎನ್‌ವಿ ರ‍್ಯಾಮ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ನಿಜವಾದ ಕಂಪ್ಯೂಟರಿನಲ್ಲಿ ಅದು ಮದರ್‌ಬೋರ್ಡಿನ ಚಿಪ್‌. ವಿಎಂನಲ್ಲಿ ಅದು ಒಂದು ಪುಟ್ಟ ಫೈಲು. ಸೊಸೈಟಿ ಗೇಟಿನ ವಾಚ್‌ಮನ್ ಹತ್ತಿರ ಇರುವ ರಿಜಿಸ್ಟರ್ ಥರ. ರಿಜಿಸ್ಟರ್ ಕಳೆದುಹೋದರೆ ಬಂದವರಿಗೆ ಫ್ಲ್ಯಾಟ್ ಯಾವುದು ಅಂತ ಹೇಳಲು ಅವನಿಗೆ ಗೊತ್ತಾಗುವುದಿಲ್ಲ, ಆದರೆ ಫ್ಲ್ಯಾಟ್ ಎಲ್ಲಿಗೂ ಹೋಗಿರುವುದಿಲ್ಲ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಈ ಫೈಲಿಗೆ ಇಎಫ್‌ಐ ಡಿಸ್ಕ್ ಅಂತ ಹೆಸರು. ಸೀಬಯಾಸ್ ಬದಲು ಓವಿಎಂಎಫ್ ಆರಿಸಿದ ಮಾತ್ರಕ್ಕೆ ಅದು ತಾನಾಗಿ ಸೃಷ್ಟಿಯಾಗುವುದಿಲ್ಲ, ಪ್ರತ್ಯೇಕವಾಗಿ ಸೇರಿಸಬೇಕು. ಸೇರಿಸದಿದ್ದರೆ ಪ್ರಾಕ್ಸ್‌ಮಾಕ್ಸ್ ತಾತ್ಕಾಲಿಕವಾಗಿ ಒಂದನ್ನು ಕೊಡುತ್ತದೆ, ವಿಎಂ ಚಾಲೂ ಇರುವಷ್ಟು ಹೊತ್ತು ಮಾತ್ರ. ಸ್ಟಾರ್ಟ್ ಟಾಸ್ಕಿನ ಲಾಗ್ ತೆರೆದು ನೋಡಿ, ಇಎಫ್‌ಐ ಡಿಸ್ಕ್ ಇಲ್ಲ, ತಾತ್ಕಾಲಿಕದ್ದು ಬಳಸುತ್ತಿದ್ದೇನೆ ಅಂತ ಒಂದು ಎಚ್ಚರಿಕೆ ಸಾಲು ಇರುತ್ತದೆ. ಟಾಸ್ಕ್ ಮುಗಿದು ವಿಎಂ ಚಾಲೂ ಆದ ಮೇಲೆ ಒಳಗಿನ ಲಾಗ್ ಯಾರು ಓದುತ್ತಾರೆ ಹೇಳಿ!

ಗೆಸ್ಟ್ (ವಿಎಂನಲ್ಲಿರುವ ಓಎಸ್) ಒಳಗಿಂದ ರೀಬೂಟ್ ಮಾಡಿದರೆ ಹೋಸ್ಟಿನಲ್ಲಿ ವಿಎಂ ಅನ್ನು ಓಡಿಸುವ ಕ್ಯೂಎಂಯು ಪ್ರೋಸೆಸ್ ನಿಲ್ಲುವುದಿಲ್ಲ, ತಾತ್ಕಾಲಿಕ ಪಟ್ಟಿ ಉಳಿದಿತ್ತು, ನೀವು ಸೇರಿಸಿದ ಎಂಟ್ರಿ ಕೆಲಸ ಮಾಡಿತು. ಶಟ್‌ಡೌನ್ ಮಾಡಿದಾಗ ಆ ಪ್ರೋಸೆಸ್ ಸತ್ತಿತು, ಪಟ್ಟಿಯೂ ಹೋಯಿತು. ವಿದ್ಯುತ್ ಕಂಪನಿ ಎಂಎಸ್‌ಇಡಿಸಿಎಲ್‌ನವರ ಗುರುವಾರದ್ದು ಇದರಲ್ಲಿ ತಪ್ಪೇನಿಲ್ಲ, ಬಿಡಿ. ಪ್ರಾಕ್ಸ್‌ಮಾಕ್ಸ್ ಪುಟದ ಮೇಲಿರುವ ರೀಬೂಟ್ ಬಟನ್ ಒತ್ತಿದ್ದರೆ ಬುಧವಾರವೇ ಗೊತ್ತಾಗುತ್ತಿತ್ತು, ಆ ಬಟನ್ ವಿಎಂ ನಿಲ್ಲಿಸಿ ಮತ್ತೆ ಚಾಲೂ ಮಾಡುತ್ತದೆ.

ಇಲ್ಲಿ ನಿಮಗೆ ಒಂದು ಸಂಶಯ ಬರಬೇಕು. ವಿಂಡೋಸ್‌ಗೂ ಇಎಫ್‌ಐ ಡಿಸ್ಕ್ ಇರಲಿಲ್ಲ, ಅದು ಹೇಗೆ ಲೋಗೋ ತನಕ ಬಂತು? ಪಟ್ಟಿ ಖಾಲಿ ಇದ್ದಾಗ ಯುಇಎಫ್‌ಐ ಪ್ರತಿ ಡಿಸ್ಕಿನ ಇಎಫ್‌ಐ ಪಾರ್ಟಿಷನ್ನಿನಲ್ಲಿ ಒಂದು ಗೊತ್ತುಪಡಿಸಿದ ಜಾಗ ನೋಡುತ್ತದೆ. ‘ಇಎಫ್‌ಐ’ ಫೋಲ್ಡರಿನೊಳಗೆ ‘ಬೂಟ್’ ಫೋಲ್ಡರು, ಅದರಲ್ಲಿ ‘ಬೂಟ್‌ಎಕ್ಸ್64.ಇಎಫ್‌ಐ’ ಫೈಲು. ವಿಂಡೋಸ್ ತನ್ನ ಬೂಟ್ ಮ್ಯಾನೇಜರಿನ ಒಂದು ಪ್ರತಿಯನ್ನು ಅಲ್ಲಿಯೂ ಇಡುತ್ತದೆ. ಡೆಬಿಯನ್ 11 ತಾನಾಗಿ ಇಡುವುದಿಲ್ಲ, ಕೇಳಿದರೆ ಮಾತ್ರ ಇಡುತ್ತದೆ. ಹಾಗಾಗಿ ಓವಿಎಂಎಫ್ ಏನೂ ಸಿಗದೆ ನಿಮ್ಮನ್ನು ಶೆಲ್ಲಿಗೆ ತಂದು ಬಿಟ್ಟಿತು.

ಸರಿ ಮಾಡುವುದು ಹೀಗೆ. ವಿಎಂ ನಿಲ್ಲಿಸಿ ಹಾರ್ಡ್‌ವೇರಿನಲ್ಲಿ ಇಎಫ್‌ಐ ಡಿಸ್ಕ್ ಸೇರಿಸಿ. ಚಾಲೂ ಮಾಡಿ. ಶೆಲ್ ಬಂದಾಗ ‘ಎಫ್‌ಎಸ್0’ ಮತ್ತು ಕೋಲನ್ ಒತ್ತಿ ಎಂಟರ್ ಮಾಡಿ, ‘ಇಎಫ್‌ಐ’ ಒಳಗೆ ‘ಡೆಬಿಯನ್’ ಫೋಲ್ಡರಿಗೆ ಹೋಗಿ, ಅಲ್ಲಿನ ಬೂಟ್ ಫೈಲು ‘ಶಿಮ್‌ಎಕ್ಸ್64.ಇಎಫ್‌ಐ’ ಹೆಸರು ಬರೆದು ಎಂಟರ್ ಒತ್ತಿ. ಅದಿಲ್ಲದಿದ್ದರೆ ‘ಗ್ರಬ್‌ಎಕ್ಸ್64.ಇಎಫ್‌ಐ’. ಡೆಬಿಯನ್ ಬಂದುಬಿಡುತ್ತದೆ. ಆ ಶೆಲ್ ನೋಡಿ ಗಾಬರಿಯಾಗುವ ಅಗತ್ಯವೇ ಇಲ್ಲ ಅಲ್ವಾ, ಎಲ್ಲಿ ಹೋಗಬೇಕು ಅಂತ ಅದು ನಿಮ್ಮನ್ನು ಕೇಳುತ್ತಿದೆ ಅಷ್ಟೇ. ಲಾಗಿನ್ ಆದ ಮೇಲೆ ಬೂಟ್ ಲೋಡರ್ ಹಾಕುವ ಗ್ರಬ್-ಇನ್‌ಸ್ಟಾಲ್ ಒಮ್ಮೆ ಓಡಿಸಿ, ಇಎಫ್‌ಐಬೂಟ್‌ಎಂಜಿಆರ್ ಕಮಾಂಡಿನಲ್ಲಿ ಡೆಬಿಯನ್ ಹೆಸರಿನ ಎಂಟ್ರಿ ಬಂದಿದೆಯಾ ನೋಡಿ. ಜೊತೆಗೆ ಗ್ರಬ್-ಇಎಫ್‌ಐ-ಎಎಂಡಿ64 ಪ್ಯಾಕೇಜನ್ನು ರೀಕಾನ್ಫಿಗರ್ ಮಾಡಿ, ‘ರಿಮೂವಬಲ್ ಮೀಡಿಯಾ’ ಜಾಗದಲ್ಲೂ ಒಂದು ಪ್ರತಿ ಹಾಕಲಾ ಅಂತ ಕೇಳುತ್ತದೆ, ಹೂಂ ಅನ್ನಿ. ಮುಂದೆ ಇನ್ನೊಂದು ಹೋಸ್ಟಿಗೆ ಈ ಡಿಸ್ಕ್ ಒಯ್ದು ಪಟ್ಟಿ ಹಿಂದೆಯೇ ಉಳಿದುಹೋದರೂ ಬೂಟ್ ಆಗುತ್ತದೆ. ವಿಂಡೋಸ್ ವಿಎಂಗೂ ಒಂದು ಇಎಫ್‌ಐ ಡಿಸ್ಕ್ ಸೇರಿಸಿಬಿಡಿ, ಈಗ ಬೂಟ್ ಆಗುತ್ತಿದೆ ಅಂತ ಬಿಡಬೇಡಿ.

ಡೆಬಿಯನ್ ಬಂದ ಮೇಲೆ ನೆಟ್‌ವರ್ಕ್ ಇಲ್ಲ ಅಂತ ಮತ್ತೆ ಹೆದರಬೇಡಿ. ವಿಎಂವೇರ್‌ನಲ್ಲಿ ಕಾರ್ಡಿನ ಹೆಸರು ಸಾಮಾನ್ಯವಾಗಿ ‘ಇಎನ್‌ಎಸ್192’ ಇರುತ್ತದೆ, ಇಲ್ಲಿ ಹೆಚ್ಚಾಗಿ ‘ಇಎನ್‌ಎಸ್18’ ಆಗುತ್ತದೆ. ಇಂಟರ್‌ಫೇಸಸ್ ಫೈಲಿನಲ್ಲಿ ಹೆಸರು ಬದಲಿಸಿದರೆ ಮುಗಿಯಿತು. ವಿಂಡೋಸ್‌ನಲ್ಲೂ ಹೊಸ ಕಾರ್ಡಿಗೆ ಸ್ಟ್ಯಾಟಿಕ್ ಐಪಿ ಮತ್ತೆ ಹಾಕಬೇಕು.

ಸೆಕ್ಯೂರ್ ಬೂಟ್ ಬಗ್ಗೆ ಕೇಳಿದಿರಿ. ಏನೇ ಬೂಟ್ ತೊಂದರೆ ಬಂದರೂ ‘ಮೊದಲು ಸೆಕ್ಯೂರ್ ಬೂಟ್ ಆಫ್ ಮಾಡು’ ಅನ್ನುವುದು ಈಗ ತಲೆನೋವಿಗೆ ಮಾತ್ರೆ ನುಂಗಿದಷ್ಟು ಸಲೀಸಾಗಿಬಿಟ್ಟಿದೆ. ಅದು ಅಡ್ಡ ಬಂದರೆ ಪರದೆಯಲ್ಲಿ ‘ಆಕ್ಸೆಸ್ ಡಿನೈಡ್’ ಅಥವಾ ‘ಸೆಕ್ಯುರಿಟಿ ವಯಲೇಷನ್’ ಅಂತ ಸ್ಪಷ್ಟವಾಗಿ ಬರುತ್ತದೆ. ನಿಮ್ಮಲ್ಲಿ ಬಂದಿಲ್ಲ. ತಾತ್ಕಾಲಿಕ ಪಟ್ಟಿಯಲ್ಲಿ ಕೀಗಳೇ ಇಲ್ಲದಿದ್ದರೆ ಅದು ಚಾಲೂ ಕೂಡ ಇರುವುದಿಲ್ಲ. ಹೊಸ ಇಎಫ್‌ಐ ಡಿಸ್ಕ್ ಸೇರಿಸುವಾಗ ‘ಪ್ರಿ-ಎನ್‌ರೋಲ್ ಕೀಸ್’ ಅಂತ ಒಂದು ಟಿಕ್ ಇರುತ್ತದೆ. ಅದಿದ್ದರೆ ಮೈಕ್ರೋಸಾಫ್ಟ್ ಕೀಗಳು ಸೇರಿ ಸೆಕ್ಯೂರ್ ಬೂಟ್ ಚಾಲೂ ಆಗುತ್ತದೆ. ಡೆಬಿಯನ್ 10ರಿಂದಲೇ ಸಹಿ ಇರುವ ಶಿಮ್ ಕೊಡುತ್ತದೆ, ಆದ್ದರಿಂದ ಟಿಕ್ ಇಟ್ಟರೂ ನಡೆಯುತ್ತದೆ. ನೀವೇ ಕಂಪೈಲ್ ಮಾಡಿದ ಕರ್ನಲ್ ಮಾಡ್ಯೂಲ್ ಏನಾದರೂ ಇದ್ದರೆ ತೊಂದರೆ. ಮೊದಲು ಟಿಕ್ ತೆಗೆದು ಬೂಟ್ ಮಾಡಿಸಿ, ಎಲ್ಲ ಸರಿಹೋದ ಮೇಲೆ ನಿಧಾನವಾಗಿ ಅದರ ಬಗ್ಗೆ ಯೋಚಿಸಿ. ಈ ಕೀಗಳಲ್ಲಿ 2011ರ ಸರ್ಟಿಫಿಕೇಟುಗಳ ಅವಧಿ 2026ರ ಜೂನ್‌ನಿಂದ ಮುಗಿಯುತ್ತಾ ಬರುತ್ತದೆ, ಬದಲಿಗೆ 2023ರವು ಬಂದಿವೆ. ಅವಧಿ ಮುಗಿದ ದಿನವೇ ಬೂಟ್ ನಿಲ್ಲುತ್ತದೆ ಅನ್ನುವ ಸುದ್ದಿ ನಂಬಬೇಡಿ. ಈಗಾಗಲೇ ಸಹಿ ಆಗಿರುವುದು ಓಡುತ್ತದೆ, ಹೊಸ ಬೂಟ್ ಅಪ್‌ಡೇಟುಗಳಿಗೆ ಮಾತ್ರ ಹೊಸ ಕೀ ಬೇಕು.

ನಿಜವಾಗಿ ಡಿಸ್ಕ್ ಕೆಟ್ಟಿದ್ದರೆ ಹೇಗಿರುತ್ತದೆ ಅಂತಲೂ ಹೇಳಿಬಿಡುತ್ತೇನೆ, ವೆಂಡರ್ ಜೊತೆ ಮಾತಾಡಲು ಬೇಕಾಗುತ್ತದೆ. ಎಫ್‌ಡಿಸ್ಕ್ ಟೇಬಲ್ ಓದಲಾಗದೆ ದೂರು ಹೇಳುತ್ತದೆ. ಹೋಸ್ಟಿನ ಡಿಮೆಸೇಜ್ ಲಾಗ್‌ನಲ್ಲಿ ಐ/ಓ ಎರರ್ ಸಾಲುಗಳು ಬರುತ್ತವೆ. ಮೂಲ ವಿಎಂಡಿಕೆಗೂ ನಕಲಿಗೂ ಚೆಕ್‌ಸಮ್ ತಾಳೆಯಾಗುವುದಿಲ್ಲ. ಈ ಮೂರರಲ್ಲಿ ಒಂದನ್ನಾದರೂ ತೋರಿಸು ಅಂತ ಕೇಳಿ. ಕೊನೆಯದು ಕೆಲವೊಮ್ಮೆ ಆಗುತ್ತದೆ, ನೆಟ್‌ವರ್ಕಿನಲ್ಲಿ ನಕಲು ಅರ್ಧಕ್ಕೆ ನಿಂತು ಯಾರೂ ಗಮನಿಸಿರುವುದಿಲ್ಲ. ಆಗಲೂ ಬೇಕಾದ್ದು ಮತ್ತೊಮ್ಮೆ ಕಾಪಿ ಮಾಡುವುದು, ರಿಕವರಿ ಅಲ್ಲ.

ಇನ್ನೂ ವಿಎಂಗಳು ಬರಬೇಕಿದ್ದರೆ ಕೈಯಿಂದ ಫೈಲು ಹೊರುವ ಬದಲು ಪ್ರಾಕ್ಸ್‌ಮಾಕ್ಸ್ 8ರ ಸಾಲಿನಲ್ಲಿ ಬಂದಿರುವ ಇಎಸ್‌ಎಕ್ಸ್‌ಐ ಇಂಪೋರ್ಟ್ ಬಳಸಿ. ಅದಾದರೂ ಮುಂಚೆ ಹಳೆಯ ಹೋಸ್ಟಿನಲ್ಲೇ ವಿಎಂವೇರ್ ಟೂಲ್ಸ್ ತೆಗೆದು, ವರ್ಟ್‌ಐಓ ಡ್ರೈವರ್ ಹಾಕಿ, ಫರ್ಮ್‌ವೇರ್ ಯಾವುದು ಅಂತ ಬರೆದಿಟ್ಟುಕೊಳ್ಳಿ. ಬಯಾಸ್ ಮೇಲಿರುವ ವಿಂಡೋಸ್ ಅನ್ನು ಇದೇ ನೆಪದಲ್ಲಿ ಯುಇಎಫ್‌ಐ ಮಾಡಿಬಿಡೋಣ ಅಂತ ಅನ್ನಿಸಿದರೆ ಎಂಬಿಆರ್2ಜಿಪಿಟಿ ಇದೆ, ಸರ್ವರ್ 2019ರಲ್ಲೂ ಇದೆ, ಮೊದಲು ಅದರ ವ್ಯಾಲಿಡೇಟ್ ಆಯ್ಕೆ ಓಡಿಸಿ ಪಾಸಾದರೆ ಮಾತ್ರ ಮುಂದುವರಿಯಬೇಕು. ನನ್ನನ್ನು ಕೇಳಿದರೆ ಸ್ಥಳಾಂತರ ಮತ್ತು ಪರಿವರ್ತನೆ ಒಂದೇ ದಿನ ಮಾಡಬೇಡಿ. ಯಾವುದರಿಂದ ಕೆಟ್ಟಿತು ಅಂತ ಆಮೇಲೆ ಹೇಳಲಾಗುವುದಿಲ್ಲ.

ಇಷ್ಟು ಮಾಡಿಯೂ ಎಲ್ಲಾದರೂ ನಿಂತರೆ ಎರಡು ಕಳಿಸಿ. ನಿಂತ ಪರದೆಯ ಫೋಟೋ, ಮತ್ತು ಹೋಸ್ಟಿನಲ್ಲಿ ಕ್ಯೂಎಂ ಕಾನ್ಫಿಗ್ ಕಮಾಂಡಿಗೆ ವಿಎಂ ನಂಬರ್ ಕೊಟ್ಟು ಬಂದ ಪೂರ್ತಿ ಪಠ್ಯ. ಅದರಲ್ಲಿ ಬಯಾಸ್, ಬೂಟ್, ಇಎಫ್‌ಐಡಿಸ್ಕ್0, ಸ್ಕಸಿಎಚ್‌ಡಬ್ಲ್ಯು ಈ ನಾಲ್ಕು ಸಾಲು ಕಾಣುವಂತಿರಲಿ. ವಿಂಡೋಸ್ ವಿಎಂದು ಬೇರೆ, ಡೆಬಿಯನ್‌ದು ಬೇರೆ.